ಅಕ್ಕನ ಕಿವಿಗೆ ಹದಿನಾಲ್ಕು ಕಿಲೋದ ರಿಸೀವರ್

ಕರೆಂಟಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಬಹಳ ಧೈರ್ಯ. ನಮ್ಮ ಮನೆಯ ಫ್ಯೂಸ್ ಹೋದಾಗಲೆಲ್ಲ ತಂತಿ ಕಟ್ಟುವವನು ನಾನೇ. ಇಸ್ತ್ರಿ ಪೆಟ್ಟಿಗೆಯ ವೈರು ಸುಟ್ಟಾಗ ಹೊಸದು ಹಾಕಿದವನೂ ನಾನೇ. ಆಮೇಲೆ ಆ ಪೆಟ್ಟಿಗೆ ಮುಟ್ಟಿದವರಿಗೆಲ್ಲ ಮೊಳಕೈವರೆಗೆ ಜುಮ್ ಅನ್ನುತ್ತಿತ್ತು, ಅದು ಬೇರೆ ಮಾತು. ಅಂಗಿ ಇಸ್ತ್ರಿ ಆಗುತ್ತಿತ್ತಲ್ಲ! ಹೀಗಿರುವಾಗ ಒಂದು ಜೋಡಿ ಹಳೇ ಸ್ಪೀಕರಿಗೆ ತಕ್ಕ ಒಂದು ಹಳೇ ರಿಸೀವರ್ ಹುಡುಕಿ ತರುವುದು ಎಷ್ಟರ ಮಾತು? ಒಂದು ಆದಿತ್ಯವಾರದ ಕೆಲಸ ಅಂದುಕೊಂಡೆ. ಆ ಆದಿತ್ಯವಾರ ಎಂಟು ತಿಂಗಳು ನಡೆಯಿತು.

ನಾನು ಕಲಬುರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹದಿನೈದು ವರ್ಷ ಕಡತ ನೋಡಿದವನು. ಯಾವ ಅರ್ಜಿಯನ್ನೂ ಪೂರ್ತಿ ಪರಿಶೀಲಿಸದೆ ಮುಂದೆ ಕಳಿಸಿದವನಲ್ಲ. ಪರಿಶೀಲಿಸಿದ ಮೇಲೂ ಅಷ್ಟು ಸುಲಭಕ್ಕೆ ಕಳಿಸಿದವನಲ್ಲ. ಕಚೇರಿಯಲ್ಲಿ ಇದಕ್ಕೆ ಜವಾಬ್ದಾರಿ ಅನ್ನುತ್ತಾರೆ. ಮನೆಯಲ್ಲಿ ನನ್ನ ಹೆಂಡತಿ ಮಹಾದೇವಿ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ, ಇಲ್ಲಿ ಬರೆಯುವಂಥದ್ದಲ್ಲ.

ಮೊದಲು ಸ್ಪೀಕರಿನ ವಿಚಾರ ಹೇಳಿಬಿಡುತ್ತೇನೆ. ನಮ್ಮೂರು ಕಮಲಾಪುರ. ನಾನು ಚಿಕ್ಕವನಿದ್ದಾಗ ಅಲ್ಲಿ ಒಬ್ಬ ದನದ ಡಾಕ್ಟರು ಇದ್ದರು. ಅವರ ಪಡಸಾಲೆಯಲ್ಲಿ ಆಳಿನ ಸೊಂಟದೆತ್ತರದ ಎರಡು ಸಾಗವಾನಿ ಡಬ್ಬಿಗಳಿದ್ದವು. ಡಾಕ್ಟರು ಸಂಜೆ ಸ್ನಾನ ಮಾಡಿ, ಒಂದು ಯಂತ್ರದ ಗುಂಡಿ ತಿರುವಿದರೆ ಆ ಡಬ್ಬಿಗಳು ಹಾಡುತ್ತಿದ್ದವು. ಊರಲ್ಲಿ ರೇಡಿಯೊ ಬೇಕಾದಷ್ಟು ಮನೆಯಲ್ಲಿತ್ತು. ಆದರೆ ಆ ಡಬ್ಬಿಯ ಹಾಡು ಕಿವಿಗೆ ಬೀಳುತ್ತಿರಲಿಲ್ಲ, ಎದೆಗೇ ಬಂದು ಬಡಿಯುತ್ತಿತ್ತು.

ಆ ಮನೆಗೆ ಹಾಲು ಕೊಡುತ್ತಿದ್ದವಳು ನನ್ನ ಅಕ್ಕ ನೀಲಮ್ಮ. ನನಗಿಂತ ಹನ್ನೆರಡು ವರ್ಷ ದೊಡ್ಡಾಕಿ. ಒಂದು ಬಗಲಲ್ಲಿ ನಾನು, ಇನ್ನೊಂದು ಕೈಯಲ್ಲಿ ಹಾಲಿನ ಚರಿಗೆ. ಹಾಲು ಅಳೆದು ಕೊಟ್ಟು ಹೊರಗೆ ಬಂದವಳು ಅವರ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಎರಡು ಹಾಡು, ಮೂರು ಹಾಡು. ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಹಾಲು ಕೊಡ್ಲಾಕ ಹೋಗಿದ್ದೋ, ಡಾಕ್ಟರ ಕೂಡ ಎಮ್ಮಿ ಹೆರಿಗಿ ಮಾಡ್ಲಾಕ ಹೋಗಿದ್ದೋ?"

"ತಮ್ಮ ಅಳ್ಳಾಕತ್ತಿದ್ದ ಯವ್ವಾ, ಸುಮ್ಮ ಮಾಡ್ಕೋತ ಬಂದೆ!"

ನಾನು ಅಳುತ್ತಿರಲಿಲ್ಲ. ದೇವರಾಣೆ ಅಳುತ್ತಿರಲಿಲ್ಲ. ಕಮಲಾಪುರದಲ್ಲಿ ಅಳುಬುರುಕ ಅಂತ ನನಗೆ ಬಂದ ಹೆಸರಿಗೆ ಆ ಡಬ್ಬಿಗಳೇ ಕಾರಣ. ನನ್ನ ಮಾನ ಮಾರಿ ಅಕ್ಕ ಹಾಡು ಕೇಳಿದಳು.

ಅಕ್ಕನನ್ನು ಊರಲ್ಲೇ ಕೊಟ್ಟರು. ನಾನು ಓದಿ, ನೌಕರಿ ಹಿಡಿದು ಕಲಬುರ್ಗಿಗೆ ಬಂದೆ. ಹೀಗೇ ವರ್ಷಗಳಾದವು. ಆಮೇಲೆ ಅಕ್ಕನ ಕಿವಿ ಕೈಕೊಡಲು ಶುರುವಾಯಿತು. ನಾನೇ ಅವಳನ್ನು ಕಲಬುರ್ಗಿಯ ಕಿವಿ ಡಾಕ್ಟರಿಗೆ ತೋರಿಸಿದೆ. ಅವರು ನೋಡಿ, "ನರ ಒಣಗ್ಲಾಕತ್ತದ್ರಿ. ಒಂದು ವರ್ಷ ಹೆಚ್ಚಂದ್ರ. ಆಮ್ಯಾಲ ಏನೂ ಕೇಳೋದಿಲ್ಲ," ಅಂದರು. ಕಿವಿಗೆ ಹಚ್ಚುವ ಮಷೀನು ಕೊಟ್ಟರು. ಅಕ್ಕ ಎರಡು ದಿನ ಹಚ್ಚಿಕೊಂಡು, ಕಿವಿಯೊಳಗೆ ಜೀರುಂಡೆ ಕೂತಂಗ ಆಗ್ತದ ಅಂತ ತೆಗೆದು ಗೋದಲಿಯ ಮೇಲೆ ಇಟ್ಟಳು. ಎಮ್ಮೆ ಅದನ್ನು ಮೇವಿನ ಜೊತೆ ತಿಂದಿತು.

ವಾಪಸ್ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ನನಗೆ ಒಂದು ಮಾತು ಹೇಳಿದಳು. ಕಿವಿ ಮಂದ ಆದವರು ಹೇಳುವಂತೆ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದಳು.

"ತಮ್ಮಾ, ಮಂದಿ ಮಾತು ಕೇಳದಿದ್ರ ನಡೀತದ. ಇಲ್ಲೀತನ ಕೇಳಿದ್ದೇ ಸಾಕಾಗ್ಯದ. ಆ ದನದ ಡಾಕ್ಟರ ಮನಿ ಡಬ್ಬಿ ಹಾಡು ಒಮ್ಮಿ ಕೇಳಿದ್ನಂದ್ರ, ಆಮ್ಯಾಲ ಕಿವಿ ಹೋದ್ರೂ ಹೋಗವಲ್ಲದ್ಯಾಕ!"

ಅದೇ ತಿಂಗಳು ಕಮಲಾಪುರಕ್ಕೆ ಹೋಗಿ ಡಾಕ್ಟರ ಮನೆ ಬಾಗಿಲು ತಟ್ಟಿದೆ. ಅವರು ಊರು ಬಿಟ್ಟು ಸೊಲ್ಲಾಪುರದ ಮಗಳ ಮನೆಗೆ ಹೊರಟಿದ್ದರು, ಸಾಮಾನೆಲ್ಲ ಅಂಗಳದಲ್ಲಿತ್ತು. ನಡುವೆ ಆ ಎರಡು ಡಬ್ಬಿ! ನಾನು ಕಾರಣ ಹೇಳಿದೆ. ಅವರು ಕಿಸಕ್ಕನೆ ನಕ್ಕರು.

"ಕಟ್ಟಿ ಮ್ಯಾಲ ಕೂಡ್ತಿದ್ದ ಹುಡುಗಿ ಅಲ್ಲಾ? ನಂಗೊತ್ತಿತ್ತು. ಅಕಿ ಬಂದ್ಳಂದ್ರ ನಾನೇ ದನಿ ಜರಾ ಏರಸ್ತಿದ್ದೆ. ಒಯ್ಯಿ, ಒಯ್ಯಿ. ಆದ್ರ ನೋಡು, ಇವನ್ನ ಹಾಡಸೋ ಯಂತ್ರ ಸತ್ತು ಹತ್ತು ವರ್ಷಾತು. ಅದನ್ನ ನೀನೇ ಹುಡುಕಬೇಕು."

ಡಬ್ಬಿಗಳನ್ನು ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ ಅವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನ್ರಿ ಇವು? ಬೀರೂನ್ರಿ?"

"ಅಲ್ಲ, ಹಾಡು ಹೇಳ್ತಾವ."

"ಹಂಗಾದ್ರ ಲಗೇಜ್ ಹೆಂಗಾದಾವು? ಪ್ಯಾಸೆಂಜರ್ ಆದ್ವು. ಎರಡು ಟಿಕೆಟ್ ತಗೋರಿ!"

ತೆಗೆದುಕೊಂಡೆ. ಸೀಟು ಅವಕ್ಕೆ ಸಿಕ್ಕಿತು. ನಾನು ಕಲಬುರ್ಗಿವರೆಗೆ ನಿಂತು ಬಂದೆ.

ಮಹಾದೇವಿ ಬಾಗಿಲಲ್ಲಿ ನಿಂತು ಡಬ್ಬಿಗಳನ್ನೂ ನನ್ನನ್ನೂ ನೋಡಿದಳು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಡಬ್ಬಿ ಒಳಗೆ ಬಂದರೆ ಮನುಷ್ಯರಲ್ಲಿ ಯಾರಾದರೂ ಒಬ್ಬರು ಹೊರಗೆ ಹೋಗಬೇಕು.

"ಎಷ್ಟು ದಿನದ ಬೀಗರ್ರೀ ಇವ್ರು?"

"ಒಂದು ವಾರ. ಬರೋ ಆದಿತ್ಯವಾರ ರಿಸೀವರ್ ತರ್ತೀನಿ, ಅಕ್ಕಗ ಕೇಳಸ್ತೀನಿ."

ಅಕ್ಕನ ಹೆಸರು ಕೇಳಿ ಅವಳು ಬಾಗಿಲು ಬಿಟ್ಟು ಸರಿದಳು. ನನ್ನ ಹೆಂಡತಿಗೆ ನನಗಿಂತ ನನ್ನ ಅಕ್ಕನ ಮೇಲೆ ಪ್ರೀತಿ ಜಾಸ್ತಿ. ಡಬ್ಬಿಗಳಿಗೆ ಹಳೇ ಸೀರೆ ಹೊಚ್ಚಿ, ಒಂದರ ಮೇಲೆ ರೊಟ್ಟಿ ಬುಟ್ಟಿ, ಇನ್ನೊಂದರ ಮೇಲೆ ಚಟ್ನಿ ಪುಡಿಯ ಡಬ್ಬ ಇಟ್ಟಳು.

ಇಲ್ಲಿಂದ ನನ್ನ ಪರಿಶೀಲನೆ ಆರಂಭವಾಯಿತು. ರಿಸೀವರ್ ಅಂದರೆ ರೇಡಿಯೊ ಮತ್ತು ದನಿ ಏರಿಸುವ ಆಂಪ್ಲಿಫಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ. ಹೊಸದು ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ. ಹಳೇದು ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮಹಬೂಬ್ ಭಾಯಿಯ ಅಂಗಡಿಯಲ್ಲಿ ಸಿಗುತ್ತಿತ್ತು. ಅರಬ್ ದೇಶಕ್ಕೆ ದುಡಿಯಲು ಹೋದವರು ತಂದದ್ದು, ಬೇಡವಾಗಿ ಮಾರಿದ್ದು, ಎಲ್ಲ ಅಲ್ಲಿಗೇ ಬರುತ್ತಿದ್ದವು. ಮಹಬೂಬ್ ಭಾಯಿಗೆ ಅರವತ್ತು ದಾಟಿತ್ತು. ಕಣ್ಣಿಗೆ ದಪ್ಪ ಗಾಜಿನ ಚಾಳೀಸು, ಕೈಯಲ್ಲಿ ಯಾವಾಗಲೂ ತಂತಿ ಬೆಸೆಯುವ ಬಿಸಿ ಕಡ್ಡಿ. ಜೀವನದಲ್ಲಿ ಒಂದು ಸುಳ್ಳು ಹೇಳಿದ ಮನುಷ್ಯನಲ್ಲ. ಮುಂದೆ ಆದದ್ದಕ್ಕೆಲ್ಲ ನಾನೇ ಹೊಣೆ ಅಂತ ಈಗಲೇ ದಾಖಲಿಸುತ್ತೇನೆ.

ನಾನು ಒಂದು ಕಡತ ತೆರೆದೆ. ವಿಷಯ: ಹಳೇ ಸ್ಪೀಕರುಗಳಿಗೆ ಹಳೇ ರಿಸೀವರ್ ಖರೀದಿಸುವ ಕುರಿತು. ಕಚೇರಿಯಲ್ಲಿ ಒಬ್ಬರು "ವಾಟ್ ನೋಡ್ರಿ" ಅಂದರು. ಇನ್ನೊಬ್ಬರು "ವಾಟ್ ಸುಳ್ಳು, ಓಮ್ ನೋಡ್ರಿ" ಅಂದರು. ಮೂರನೆಯವರು, ತಮ್ಮ ಮನೆಯಲ್ಲಿ ಟ್ರಾನ್ಸಿಸ್ಟರ್ ಕೂಡ ಇಲ್ಲದವರು, "ಎಲ್ಲಾ ಬಿಟ್ಟು ಟ್ರೆಬಲ್ ನೋಡ್ರಿ" ಅಂದರು. ನಾನು ಮೂರನ್ನೂ ಬರೆದುಕೊಂಡೆ. ಪ್ರತಿ ಶನಿವಾರ ಮಹಬೂಬ್ ಭಾಯಿಯ ಅಂಗಡಿಗೆ ಹೋಗಿ, ಯಂತ್ರಗಳ ಹಿಂದೆ ಬರೆದದ್ದನ್ನೆಲ್ಲ ನಕಲು ಮಾಡಿಕೊಂಡು ಬರುತ್ತಿದ್ದೆ. ಅರ್ಥವಾಗದ್ದನ್ನು ಎರಡು ಸಲ ನಕಲು ಮಾಡುತ್ತಿದ್ದೆ.

ಮೂರನೇ ತಿಂಗಳಿಗೆ ಮಹಬೂಬ್ ಭಾಯಿ ಕೇಳಿದರು. "ಸಾಬ್, ನೀವು ಖರೀದಿ ಮಾಡ್ಲಾಕ ಬರ್ತೀರೋ, ಜನಗಣತಿ ಮಾಡ್ಲಾಕ ಬರ್ತೀರೋ?"

"ಪೂರ್ತಿ ನೋಡಿ ತಗೋಬೇಕು ಭಾಯಿ. ಭಾಳ ಮಹತ್ವದ ಕೆಲಸ."

ಮಹತ್ವದ್ದು ಅನ್ನುವ ಕಾರಣಕ್ಕೇ ನಾನು ತಡ ಮಾಡಿದೆ. ಸಾಮಾನ್ಯ ಕೆಲಸವಾಗಿದ್ದರೆ ಮೊದಲ ವಾರದಲ್ಲೇ ಏನೋ ಒಂದು ತಂದು ಮುಗಿಸುತ್ತಿದ್ದೆ. ಅಕ್ಕನಿಗೆ ಕೇಳಿಸುವುದು, ಅದೂ ಒಮ್ಮೆ ಮಾತ್ರ, ಅದು ಅತ್ಯುತ್ತಮವಾಗಿರಬೇಕು ಅನ್ನುವ ಹಟ. ನಡುನಡುವೆ ಕಮಲಾಪುರಕ್ಕೆ ಹೋಗುತ್ತಿದ್ದೆ. ಮೊದಮೊದಲು ಅಕ್ಕನ ಎದುರು ಕೂತು ಮಾತಾಡಿದರೆ ಕೇಳುತ್ತಿತ್ತು. ಆಮೇಲೆ ಪಕ್ಕದಲ್ಲಿ ಕೂತು ಮಾತಾಡಬೇಕಾಯಿತು. ಆಮೇಲೆ ಕಿವಿಗೆ ಬಾಯಿ ಹಚ್ಚಿ ಕೂಗಿದರೂ, ಅವಳು ನನ್ನ ತುಟಿ ನೋಡಿ ನಕ್ಕು, "ಹೂಂ, ಎಲ್ಲಾರೂ ಆರಾಮ ಅದೀವಿ," ಅನ್ನುತ್ತಿದ್ದಳು. ನಾನು ಕೇಳಿದ್ದು ಊಟ ಆಯಿತೇ ಅಂತ.

ಅಂದು ಮನೆಗೆ ಬಂದು ಮತ್ತೆ ಕಡತ ತೆರೆದು ಕೂತೆ. ಮಹಾದೇವಿ ಕಡತವನ್ನು ನನ್ನ ಕೈಯಿಂದ ಕಿತ್ತು ಒಲೆಯ ಹತ್ತಿರ ಒಯ್ದಳು.

"ನೀವು ಓಮ್ ಹುಡುಕೋದ್ರಾಗ ಅಕ್ಕೋರ ಕಿವಿ ಪೂರ್ತಿ ಹೋಗ್ತದ! ನಾಳೆ ತರ್ತೀರೋ ಇಲ್ಲೋ ಹೇಳ್ರಿ. ಇಲ್ಲಾಂದ್ರ ಇದರ ಮ್ಯಾಲೇ ಚಹಾ ಕಾಸ್ತೀನಿ!"

ಮರುದಿನವೇ ಹೋದೆ. ಅಂಗಡಿಯಲ್ಲಿ ಎರಡು ಯಂತ್ರ ನನ್ನ ಕೈಗೆಟುಕುವ ದರದಲ್ಲಿದ್ದವು. ಒಂದು ಬೆಳ್ಳಿ ಬಣ್ಣದ್ದು. ಹಚ್ಚಿದರೆ ಹಸಿರು, ಕೆಂಪು ದೀಪಗಳು ಹಾಡಿಗೆ ತಕ್ಕಂತೆ ಕುಣಿಯುತ್ತಿದ್ದವು. ನಾನು ಎಂಟು ತಿಂಗಳಿಂದ ಅದನ್ನೇ ಕದ್ದು ನೋಡುತ್ತಿದ್ದೆ. ಇನ್ನೊಂದು ಕರಿದು, ಮಬ್ಬು ಮೋರೆಯದು, ಒಂದು ಮೂಲೆ ಕೂಡ ಜಜ್ಜಿಹೋಗಿತ್ತು.

"ಸಾಬ್, ಲೈಟ್ ಮತ್ ದೇಖೋ, ವಜನ್ ದೇಖೋ," ಅಂದರು ಮಹಬೂಬ್ ಭಾಯಿ. "ನಿಮ್ಮ ಡಬ್ಬಿ ಹಳೇ ಕಾಲದ್ದು, ನಾಲ್ಕು ಓಮ್. ಅವು ಕರೆಂಟ್ ಭಾಳ ಎಳೀತಾವ. ಹಗುರ ಯಂತ್ರ ಎರಡು ಹಾಡಿಗೆ ಬಿಸಿ ಆಗಿ ಮಲಗ್ತದ. ಒಳಗ ಟ್ರಾನ್ಸ್‌ಫಾರ್ಮರ್ ದೊಡ್ಡದು ಇದ್ರ ಯಂತ್ರ ಭಾರ ಇರ್ತದ. ಭಾರ ಇದ್ದದ್ದೇ ತಗೋರಿ."

ಇಷ್ಟು ಸರಳ ಮಾತನ್ನು ಎಂಟು ತಿಂಗಳ ಹಿಂದೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀವು ಕೇಳಿಲ್ಲ ಸಾಬ್. ಬರಕೋತ ಇದ್ರಿ," ಅಂದರು.

ಆದರೂ ನನ್ನ ಜವಾಬ್ದಾರಿ ಬಿಡಬೇಕಲ್ಲ! ಭಾರ ಅಂದರೆ ಎಷ್ಟು ಭಾರ? ಬಾಯಿಮಾತಿನ ಭಾರ ದಾಖಲೆ ಆಗುತ್ತದೆಯೇ? ಎರಡೂ ಯಂತ್ರಗಳನ್ನು ಒಂದೊಂದಾಗಿ ಹೊತ್ತು ಎದುರಿನ ಬೇಳೆ ಸಾವಕಾರರ ಕಾಟಾದ ಮೇಲೆ ಇಟ್ಟೆ. ಬೆಳ್ಳಿಯದು ಏಳು ಕಿಲೋ. ಕರಿಯದು ಹದಿನಾಲ್ಕು ಕಿಲೋ! ಕಾಳಿನ ತೂಕದಲ್ಲಿ ಹಸಿಯ ಪಾಲು ಕಳೆದೇ ರೂಢಿಯಾದ ಸಾವಕಾರರು ಚಾಳೀಸು ಏರಿಸಿ ನೋಡಿದರು.

"ಮಾಲು ಒಣಗ್ಯದೇನ್ರಿ? ಹಸಿ ಎಷ್ಟು ಕಡೀಲಿ?"

ಕರಿಯದನ್ನೇ ತೆಗೆದುಕೊಂಡೆ. ಮಹಬೂಬ್ ಭಾಯಿ ಅದನ್ನು ಗೋಣಿಯಲ್ಲಿ ಕಟ್ಟುವ ಮುಂಚೆ ಹಿಂದುಗಡೆ ಬೆರಳಿಟ್ಟು ತೋರಿಸಿದರು.

"ಇದು ನೋಡ್ರಿ, ಸಣ್ಣ ತಿರುಗಣಿ. ಒಂದ್ ಕಡಿ ನೂರಾಹತ್ತು, ಒಂದ್ ಕಡಿ ಇನ್ನೂರಿಪ್ಪತ್ತು. ಅಲ್ಲಿ ಕರೆಂಟ್ ಬ್ಯಾರೆ, ನಮ್ಮಲ್ಲಿ ಬ್ಯಾರೆ. ಇನ್ನೂರಿಪ್ಪತ್ತಕ್ಕ ಇಟ್ಟೀನಿ. ಇದಕ್ಕ ಕೈ ಹಚ್ಚಬ್ಯಾಡ್ರಿ. ಹಾತ್ ಲಗಾಯೇ ತೋ ಖತಮ್!"

"ಏನ್ ಭಾಯಿ, ನನಗ ಅಷ್ಟೂ ತಿಳಿಯಲ್ಲೇನು?" ಅಂತ ನಕ್ಕೆ. ಗಟ್ಟಿಯಾಗಿಯೇ ನಕ್ಕೆ.

ಮನೆಯಲ್ಲಿ ಪರೀಕ್ಷೆ. ರೊಟ್ಟಿ ಬುಟ್ಟಿ ಇಳಿಯಿತು, ಸೀರೆ ಸರಿಯಿತು. ವೈರು ಕಟ್ಟಿದೆ, ಸ್ವಿಚ್ ಹಾಕಿದೆ. ದೀಪ ಹತ್ತಿತು, ದನಿ ಇಲ್ಲ. ವೈರು ಬಿಚ್ಚಿ ಮತ್ತೆ ಕಟ್ಟಿದೆ. ದನಿ ಇಲ್ಲ. ದನಿಯ ಗುಂಡಿಯನ್ನು ಕೊನೇವರೆಗೆ ತಿರುವಿದೆ. ಇಲ್ಲ! ಎರಡು ತಾಸು ಕಳೆಯಿತು. ನಾನು ಯಂತ್ರದ ಹಿಂದೆ ತಲೆ ತೂರಿಸಿ ಕೂತಿದ್ದಾಗ ಮಹಾದೇವಿ, "ಎಷ್ಟು ಧೂಳ್ರಿ ಇದರ ಮ್ಯಾಲ," ಅಂತ ಒದ್ದೆ ಅರಿವೆಯಿಂದ ಮುಂಭಾಗ ಒರೆಸಿದಳು. ಅರಿವೆ ಒಂದು ಗುಂಡಿಯನ್ನು ಒತ್ತಿತು. ನಾನು ವೈರು ಕಟ್ಟಿದ್ದು ಎರಡನೇ ಜೋಡಿ ಸ್ಪೀಕರಿನ ಜಾಗಕ್ಕೆ, ಆ ಗುಂಡಿ ಅದರದ್ದು.

ರೇಡಿಯೊದಲ್ಲಿ ಆಗ ರೈತರಿಗಾಗಿ ಪೇಟೆ ಧಾರಣೆ ಬರುತ್ತಿತ್ತು. "ತೊಗರಿ!" ಅಂತ ಆಕಾಶ ಕಳಚಿ ಬಿದ್ದಂತೆ ಒಂದು ಕೂಗು. ನಾಗೊಂದಿಯ ಮೇಲಿನ ತಾಟುಗಳು ಸಾಲಾಗಿ ಇಳಿದು ಬಂದವು. ನಾನು ಎದ್ದ ರಭಸಕ್ಕೆ ತಲೆ ಗೋಡೆಗೆ ಬಡಿಯಿತು. "ಕಡಲೆ!" ಅನ್ನುವಷ್ಟರಲ್ಲಿ ಓಣಿಯ ನಾಯಿಗಳೆಲ್ಲ ಬೊಗಳತೊಡಗಿದವು. ಮಹಾದೇವಿ ಮತ್ತೆ ಒರೆಸಿ ಬಂದ್ ಮಾಡಿದಳು. ಹೊರಗೆ ಏಳೆಂಟು ಮಂದಿ ಸೇರಿದ್ದರು. ಎದುರುಮನೆಯ ಅಜ್ಜ ಒಳಗೆ ಬಂದು ಕೈ ಮುಗಿದರು.

"ಛಲೋ ಮಾಡಿದ್ರಿ. ನಾಳಿಂದ ದಿನಾ ಹಿಂಗೇ ಹಚ್ರಿ. ನಮ್ಮ ಬೆಳಿ ಇನ್ನೂ ಮಾರಿಲ್ಲ."

ನನಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. ಇಷ್ಟು ದನಿ ಇದ್ದರೆ ಅಕ್ಕನಿಗೆ ಕೇಳಲೇಬೇಕು! ಅಕ್ಕ ಹೇಳಿದ ಹಾಡುಗಳನ್ನೆಲ್ಲ, ಅವಳು ಕಟ್ಟೆಯ ಮೇಲೆ ಕೇಳುತ್ತಿದ್ದ ಹೊಳೆ ದಾಟುವ ಹಾಡನ್ನೂ ಸೇರಿಸಿ, ಚೀಟಿಯಲ್ಲಿ ಬರೆದುಕೊಟ್ಟು ಕ್ಯಾಸೆಟ್ ಅಂಗಡಿಯಲ್ಲಿ ಒಂದು ಖಾಲಿ ಕ್ಯಾಸೆಟ್‌ಗೆ ತುಂಬಿಸಿದ್ದೆ. ಅದಕ್ಕೆ ಮನೆಯ ಸೆಲ್ಲಿನ ಟೇಪ್ ರೆಕಾರ್ಡರ್ ಇತ್ತು, ಅದರ ವೈರನ್ನು ರಿಸೀವರಿಗೆ ಚುಚ್ಚಿದರೆ ಸಾಕಿತ್ತು. ಇನ್ನು ಅಕ್ಕ ಬಂದರಾಯಿತು.

ಅಕ್ಕ ಬರಲಿಲ್ಲ. ಎಮ್ಮೆ ಈದಿದೆ, ಬಿಟ್ಟು ಬರಲಾಗುವುದಿಲ್ಲ ಅಂತ ಹೇಳಿ ಕಳಿಸಿದಳು. ಆ ಎಮ್ಮೆಯೇ! ಮಷೀನು ತಿಂದದ್ದೇ! ಹಾಗಾಗಿ ಕಮಲಾಪುರದಿಂದ ಬಂದ ಡಬ್ಬಿಗಳು ಮತ್ತೆ ಕಮಲಾಪುರಕ್ಕೆ ಹೊರಟವು. ಮಾರ್ಕೆಟ್ಟಿನಲ್ಲಿ ನಮ್ಮೂರ ಕೆಂಬಾಳೆ ಹಣ್ಣು ಇಳಿಸಿ ಖಾಲಿ ಹೊರಟಿದ್ದ ಟೆಂಪೊ ಸಿಕ್ಕಿತು. ಮಹಾದೇವಿಯೂ ಬಂದಳು. "ನಾ ತವರಿಗೆ ಹೋಗಿ ವರ್ಷಾತು. ಇವು ನೋಡ್ರಿ ಹೆಂಗ ಹೊಂಟಾವ," ಅಂದಳು. ದಾರಿಯುದ್ದಕ್ಕೂ ರಿಸೀವರನ್ನು ಮಾತ್ರ ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಅಕ್ಕನ ಮನೆ ಊರ ಅಂಚಿಗೆ, ಬಾಳೆ ತೋಟಗಳಿಗೆ ಹತ್ತಿಕೊಂಡಿದೆ. ನಾವು ಮುಟ್ಟಿದಾಗ ಮಧ್ಯಾಹ್ನ. ಭಾವ ತೋಟಕ್ಕೆ ನೀರು ಬಿಡಲು ಹೋಗಿದ್ದರು. ಅಕ್ಕ ಓಡಿ ಬಂದು ಡಬ್ಬಿಗಳ ಮೈ ಸವರಿದಳು. "ಇವೇ! ಇವೇ ಅವ!" ಅಂತ ಕೂಗಿದಳು. ನಾನು ಏನೋ ಹೇಳಿದೆ. ಅವಳಿಗೆ ಒಂದಕ್ಷರ ಕೇಳಲಿಲ್ಲ. ನಾನು ಕಡತ ತೆರೆದ ದಿನ ಇವಳಿಗೆ ನನ್ನ ಮಾತು ಕೇಳುತ್ತಿತ್ತು.

ಅವಳನ್ನು ಎರಡು ಡಬ್ಬಿಗಳ ಎದುರು ಮಣೆ ಹಾಕಿ ಕೂರಿಸಿದೆವು. ವೈರು ಕಟ್ಟಿದೆ, ಈ ಸಲ ಸರಿಯಾದ ಜಾಗಕ್ಕೇ ಕಟ್ಟಿದೆ. ಸ್ವಿಚ್ ಹಾಕಿದೆ. ದೀಪ ಮಿಣುಕಿತು. ಒಳಗೆ ಟಕ್ ಅಂತು, ಮತ್ತೆ ಟಕ್ ಅಂತು, ಸುಮ್ಮನಾಯಿತು. ಮೇಲೆ ನೋಡಿದೆ. ಬಲ್ಬು ಉರಿಯುತ್ತಿತ್ತು, ಆದರೆ ಒಳಗಿನ ತಂತಿಯ ಸುರುಳಿ ಎಣಿಸಬಹುದಾದಷ್ಟು ಕೆಂಪಗೆ. ಫ್ಯಾನು ಯಾರನ್ನೋ ಹುಡುಕುವಂತೆ ನಿಧಾನವಾಗಿ ತಿರುಗುತ್ತಿತ್ತು. ಹೊರಗೆ ತೋಟಗಳಲ್ಲಿ ಪಂಪುಗಳ ಸದ್ದು. ನಮ್ಮೂರಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಪಂಪು ಓಡುವಾಗ ಈ ಮನೆಗಳಿಗೆ ಬರುವುದು ಕರೆಂಟಲ್ಲ, ಕರೆಂಟಿನ ಎಂಜಲು.

"ಇರಲಿ ಬಿಡ್ರಿ, ಜರಾ ತಡೀರಿ. ಅಣ್ಣೋರು ತೋಟದಿಂದ ಬರಲಿ," ಅಂದಳು ಮಹಾದೇವಿ.

ತಡೆಯುವುದೇ? ಎಂಟು ತಿಂಗಳು ತಡೆದವನು ಆಗ ಎಂಟು ನಿಮಿಷ ತಡೆಯಲಿಲ್ಲ! ಅಕ್ಕ ಆಸೆಗಣ್ಣಿನಿಂದ ಡಬ್ಬಿಗಳನ್ನೇ ನೋಡುತ್ತಿದ್ದಳು. ನನ್ನ ಬುದ್ಧಿ ಓಡಿತು. ಇಲ್ಲಿ ಈಗ ಬರುತ್ತಿರುವುದು ಹೆಚ್ಚಂದರೆ ನೂರಾಮೂವತ್ತು ವೋಲ್ಟ್. ಯಂತ್ರ ಕೇಳುತ್ತಿರುವುದು ಇನ್ನೂರಿಪ್ಪತ್ತು. ಹಿಂದೆ ನೂರಾಹತ್ತರ ಜಾಗ ಇದೆ. ಅಂದರೆ ಈ ಯಂತ್ರ ಮಾಡಿದವರು ಅರಬ್ ದೇಶವನ್ನಲ್ಲ, ಕಮಲಾಪುರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ! ಮಹಬೂಬ್ ಭಾಯಿ ಪಾಪ, ಸಿಟಿಯ ಮನುಷ್ಯ, ಹಳ್ಳಿ ವೋಲ್ಟೇಜ್ ಅವರಿಗೇನು ಗೊತ್ತು? ಕಿಸೆಯಿಂದ ಎಂಟಾಣೆ ತೆಗೆದು ತಿರುಗಣಿಯ ಗೀರಿಗೆ ಹಾಕಿ ತಿರುವಿದೆ.

ಯಂತ್ರ ಎದ್ದು ಕೂತಿತು! ದೀಪ ಬೆಳ್ಳಗೆ ಹತ್ತಿತು. ಮಹಾದೇವಿಯ ಕಡೆ ನೋಡಿ ಮೀಸೆ ಮೇಲೆ ಕೈ ಆಡಿಸಿದೆ. ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ರಿಸೀವರಿನ ದನಿಯ ಗುಂಡಿ ತಿರುವಿದೆ, ಇನ್ನಷ್ಟು ತಿರುವಿದೆ. ತಬಲಾ ಬಂತು, ಪೇಟಿ ಬಂತು, ಹಾಡುವವನು ಬಂದ. ಗೂಡಿನಲ್ಲಿಟ್ಟ ಚಿಮಣಿ ದೀಪ ನಡುಗಿತು. ಮಹಾದೇವಿ ಕಿವಿ ಮುಚ್ಚಿಕೊಂಡಳು.

ಅಕ್ಕ ಮಾತ್ರ ಸುಮ್ಮನೆ ಕೂತಿದ್ದಳು. ಮುಖದಲ್ಲಿ ಏನೂ ಇಲ್ಲ. ಇನ್ನೂ ಏರಿಸಿದೆ. ಆಗ ಅಕ್ಕನ ಹುಬ್ಬು ಕೂಡಿದವು. ತಲೆ ಒಂದು ಪಕ್ಕಕ್ಕೆ ವಾಲಿತು. ಮೆಲ್ಲಗೆ ಕೈ ಎತ್ತಿ, ಎರಡು ಡಬ್ಬಿಗಳ ನಡುವೆ, ಖಾಲಿ ನೆಲದ ಕಡೆ ಬೆರಳು ತೋರಿಸಿದಳು.

"ಇಲ್ಲೇ ಕೂತಾನ! ತಮ್ಮಾ, ಇಲ್ಲೇ ಕೂತು ಹಾಡ್ಲಾಕತ್ತಾನ ನೋಡೋ!"

ಕಣ್ಣು ಮುಚ್ಚಿದಳು. ಮೊಣಕಾಲಿನ ಮೇಲೆ ಬೆರಳು ತಾಳ ಹಾಕತೊಡಗಿದವು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು. ನಾನೂ ಅತ್ತೆ. ಮಹಾದೇವಿಯೂ ಸೆರಗು ಹಿಡಿದಳು. ಒಂದು ಹಾಡು ಪೂರ್ತಿ ಆಯಿತು. ಎರಡನೆಯದು ಶುರುವಾಯಿತು. ಇಂಥ ಸುಖ ನನ್ನ ಬಾಳಿನಲ್ಲಿ ಇನ್ನೊಂದು ನೆನಪಿಲ್ಲ, ನೌಕರಿ ಕಾಯಂ ಆದ ದಿನವೂ ಸೇರಿ.

ಹೊರಗೆ ಪಂಪುಗಳ ಸದ್ದು ನಿಂತಿತು. ಹಾಡು ಇನ್ನೂ ಚೆನ್ನಾಗಿ ಕೇಳುತ್ತದೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಬಲ್ಬು ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ಬಂತು. ಅಕ್ಕನ ಮನೆಗೆ ಬೆಳಕು ಬಂತಲ್ಲ ಅಂತ ಖುಷಿಪಟ್ಟೆ! ಗೋಡೆಯ ಮೇಲೆ ತಿಂಗಳಿಂದ ಸತ್ತು ಬಿದ್ದಿದ್ದ ಟ್ಯೂಬ್‌ಲೈಟು ತಾನೇ ಮಿಟುಕಿ ಹತ್ತಿತು. ಫ್ಯಾನು ಗಿರಗಿರ ತಿರುಗಿತು. ಇಷ್ಟೆಲ್ಲ ನಿಶಾನೆ ಕಂಡರೂ ನಾನು ಬಾಯಿ ತೆರೆದು ನೋಡುತ್ತಾ ನಿಂತಿದ್ದೆ.

ಫಟ್!

ಹದಿನಾಲ್ಕು ಕಿಲೋದ ಒಳಗಿಂದ ಒಂದು ನೀಲಿ ಹೊಗೆ ಎದ್ದಿತು. ಮಹಾದೇವಿ ಓಡಿ ಹೋಗಿ ಸ್ವಿಚ್ ಆರಿಸಿದಳು. ಅಷ್ಟರಲ್ಲಿ ಭಾವ ಕೆಸರು ಕಾಲಿನಲ್ಲಿ ಬಾಗಿಲಿಗೆ ಬಂದರು. ಮುಖ ಅರಳಿತ್ತು.

"ಎಲ್ಲಾರ ಪಂಪೂ ಬಂದಾದ್ವು ನೋಡು. ಇನ್ನ ವೋಲ್ಟೇಜ್ ಫಸ್ಟ್ ಕ್ಲಾಸ್ ಬರ್ತದ. 'ಏನ್ ಹಚ್ಚಾದದ ಈಗ ಹಚ್ಚು' ಅಂತ ಹೇಳ್ಲಾಕೇ ಓಡಿ ಬಂದೆ!"

ನಾನು ಯಂತ್ರದ ಕಡೆ ಕೈ ತೋರಿಸಿದೆ. ಭಾವ ಹೊಗೆ ನೋಡಿದರು. ಎಂಟಾಣೆ ನೋಡಿದರು. ನೂರಾಹತ್ತಕ್ಕೆ ತಿರುಗಿದ್ದ ತಿರುಗಣಿ ನೋಡಿದರು. ಮನುಷ್ಯ ಒಳ್ಳೆಯವರು, ಎಂಟಾಣೆ ಎತ್ತಿ ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಬೇಕಾಗಿತ್ತು.

"ಅಕ್ಕಗ ಹೆಂಗ ಹೇಳಾದು?" ಅಂತ ಪಿಸುಗುಟ್ಟಿದೆ. ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ. ಮೂವರೂ ಅಕ್ಕನ ಕಡೆ ತಿರುಗಿದೆವು.

ಅಕ್ಕ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಮೊಣಕಾಲಿನ ಮೇಲೆ ಬೆರಳು ತಾಳ ತಪ್ಪದೆ ಆಡುತ್ತಿದ್ದವು. ಹಾಡು ಅವಳೊಳಗೆ ನಡೆದೇ ಇತ್ತು. ಒಮ್ಮೆ ಮೂಗು ಅರಳಿಸಿ, "ಯಾರ ಮನ್ಯಾಗೋ ವಗ್ಗರಣಿ ಹೊತ್ತದ," ಅಂದಳು, ಕಣ್ಣು ತೆಗೆಯಲಿಲ್ಲ.

"ಹೇಳ್ರಿ ಹೋಗ್ರಿ," ಅಂದಳು ಮಹಾದೇವಿ.

"ನೀ ಹೇಳು."

"ಯಾರೂ ಹೇಳಬ್ಯಾಡ್ರಿ," ಅಂದರು ಭಾವ. "ಅಕಿಗಿ ಕೇಳ್ಲಾಕತ್ತದ. ಕೇಳಲಿ."

ನಾವು ಮೂವರೂ ಉಸಿರು ಬಿಗಿ ಹಿಡಿದು, ಇಲ್ಲದ ಹಾಡು ಮುಗಿಯುವ ತನಕ ನಿಂತೆವು. ಮುಗಿಯಿತು. ಅಕ್ಕನ ಬೆರಳು ನಿಂತವು. ಕಣ್ಣು ಮುಚ್ಚಿಕೊಂಡೇ ಇಡೀ ಓಣಿಗೆ ಕೇಳುವಂತೆ ಹೇಳಿದಳು.

"ತಮ್ಮಾ, ಆ ಹೊಳಿ ದಾಟೋ ಹಾಡು ಬರಲಿಲ್ಲಲ್ಲೋ? ಅದನ್ನ ಹಚ್ಚು. ಅದೊಂದು ಕೇಳಿಬಿಡ್ತೀನಿ!"

ಅದೊಂದು! ಆ ಹಾಡು ಕ್ಯಾಸೆಟ್ಟಿನಲ್ಲಿ ಮೂರನೆಯದು. ಕ್ಯಾಸೆಟ್ ಇತ್ತು, ಅಕ್ಕನ ಕಿವಿಗೆ ಸಾಲದ ಸಣ್ಣ ದನಿಯ ಟೇಪ್ ರೆಕಾರ್ಡರ್ ಇತ್ತು, ಡಬ್ಬಿ ಇದ್ದವು, ಕರೆಂಟು ಭರ್ತಿ ಇತ್ತು. ನಡುವೆ ನಾನು ಕಮಲಾಪುರದ ಜ್ಞಾನ ತೋರಿಸಿದ ಯಂತ್ರ ಮಾತ್ರ ಇರಲಿಲ್ಲ. ಇನ್ನೊಂದು ರಿಸೀವರ್ ತರಬಹುದು. ಆದರೆ ಅಷ್ಟರಲ್ಲಿ ಅವಳ ಕಿವಿ? ನನಗೆ ಏನು ತೋಚಿತೋ ಗೊತ್ತಿಲ್ಲ. ಎಡಗಡೆಯ ಡಬ್ಬಿಯ ಹಿಂದೆ ಹೋಗಿ ಮೊಣಕಾಲೂರಿ ಕೂತೆ. ಎದೆ ತುಂಬ ಉಸಿರು ಎಳೆದುಕೊಂಡೆ. ಹೊಳೆ ದಾಟುವ ಹಾಡನ್ನು ನನ್ನ ಗಂಟಲಿನಲ್ಲಿ ಎಷ್ಟು ಶಕ್ತಿ ಇತ್ತೋ ಅಷ್ಟೂ ಹಾಕಿ ಹಾಡಿದೆ. ಮಹಾದೇವಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭಾವ ಗೋಡೆಗೆ ಮುಖ ಮಾಡಿ ನಿಂತರು, ಅವರ ಹೆಗಲು ಕುಲುಕುತ್ತಿದ್ದವು. ನಾನು ಬಿಡಲಿಲ್ಲ. ಕತ್ತಿನ ನರ ಉಬ್ಬಿದವು, ಕಣ್ಣಲ್ಲಿ ನೀರು ಬಂತು, ಹಾಡಿದೆ.

ಡಬ್ಬಿಯ ಸಂದಿನಿಂದ ನೋಡಿದೆ. ಅಕ್ಕನ ತಲೆ ಪಕ್ಕಕ್ಕೆ ವಾಲಿತು. ಹುಬ್ಬು ಕೂಡಿದವು. ಕೇಳುತ್ತಿದೆ! ನನ್ನ ದನಿ ಅವಳಿಗೆ ಕೇಳುತ್ತಿದೆ! ಎಷ್ಟು ತಿಂಗಳಾಗಿತ್ತು ನನ್ನ ಒಂದು ಮಾತು ಅವಳಿಗೆ ಮುಟ್ಟಿ! ನಾನು ಇನ್ನೊಂದು ಪಟ್ಟು ಏರಿಸಿದೆ.

ಅಕ್ಕ ಕೈ ಎತ್ತಿದಳು.

"ತಮ್ಮಾ, ಯಾರೋ ಇಂವ? ಮೊದಲಿನಾವ ಎಷ್ಟು ಛಂದ ಹಾಡ್ಲಾಕತ್ತಿದ್ದ! ಈ ಮುದಕ ಯಾಕ ಹಿಂಗ ಒದರಲಾಕತ್ತಾನ? ಬಂದ್ ಮಾಡ್ ಅವನ್ನ!"

ದನಿ ಕೇಳಿತು. ಗುರುತು ಸಿಗಲಿಲ್ಲ.

ನಾನು ಡಬ್ಬಿಯ ಹಿಂದಿನಿಂದ ಕೈ ಚಾಚಿ, ಸುಟ್ಟ ರಿಸೀವರಿನ ಗುಂಡಿಯನ್ನು ಟಕ್ ಅಂತ ತಿರುವಿದೆ. ಸದರಿ ಆದೇಶದಂತೆ ನನ್ನನ್ನು ಬಂದ್ ಮಾಡಲಾಯಿತು.